ಮುಖ ಕಾಣದ ಸ್ನೇಹ

ಅಂತರ್ಜಾಲದಲ್ಲಿ ಹಕ್ಕಿಗಳ ಚಿತ್ರಗಳನ್ನು ಹಂಚಿಕೊಳ್ಳುತ್ತಾ ಪರಿಚಿತರಾದ ಇಂಗ್ಲೆಂಡಿನ ವೃದ್ಧ ದಂಪತಿ, 2024ರ ಜೂನ್ ತಿಂಗಳಲ್ಲಿ ನಮ್ಮನ್ನು ತಮ್ಮ ಮನೆಗೆ ಆಹ್ವಾನಿಸಿದರು. "ಮುಖ ಕಾಣದವರ ಮನೆಯಲ್ಲಿ ಒಂದು ವಾರ ತಂಗುವುದೇ?" ಎಂದು ಪತ್ನಿ ಹಿಂಜರಿದಳು. ಅಳುಕು ನನ್ನಲ್ಲೂ ಇತ್ತು. ಅವರಾದರೋ ಮೊದಲ ದಿನವೇ ಮನೆಯ ಬೀಗದ ಕೈಯನ್ನು ನಮ್ಮ ಕೈಗಿತ್ತರು.

ಮೂರನೆಯ ದಿನ ಸೀಹೌಸಸ್ ಬಂದರಿನಿಂದ ದೋಣಿಯೇರಿದೆವು. ಹಕ್ಕಿಜ್ವರದಿಂದಾಗಿ 2022ರಲ್ಲಿ ಮುಚ್ಚಿದ್ದ ಇನ್ನರ್ ಫಾರ್ನ್ ದ್ವೀಪ ಆ ವರ್ಷವಷ್ಟೇ ಪ್ರವಾಸಿಗರಿಗೆ ಮತ್ತೆ ತೆರೆದಿತ್ತು. ದಡ ಸೇರುವ ಮುನ್ನ ಆ ಹಿರಿಯರು ತಮ್ಮ ಟೋಪಿಯನ್ನು ತೆಗೆದು ನನ್ನ ತಲೆಗಿಟ್ಟರು. ಏಕೆಂದು ತಿಳಿಯಲಿಲ್ಲ. ಕಾಲಿಟ್ಟೊಡನೆ ಆರ್ಕ್ಟಿಕ್ ರೀವಹಕ್ಕಿಗಳು ಗೂಡು ಕಾಯಲು ನಮ್ಮ ಮೇಲೆರಗಿದವು. ಅಂಟಾರ್ಕ್ಟಿಕದವರೆಗೆ ಹಾರಿ ಮರಳುವ ಆ ಪುಟ್ಟ ಜೀವಿಗಳ ಕೊಕ್ಕಿನೇಟಿಗೆ ಹಿರಿಯರ ಬೋಳುತಲೆಯಲ್ಲಿ ರಕ್ತ ಜಿನುಗಿತು. ಅವರು ನಕ್ಕರು, ನಾನು ತಲೆತಗ್ಗಿಸಿದೆ.

ಕಾಲುದಾರಿಯ ಪಕ್ಕದಲ್ಲೇ ಐಡರ್ ಬಾತೊಂದು ತನ್ನೆದೆಯ ತುಪ್ಪಳವನ್ನೇ ಕಿತ್ತು ಹಾಸಿದ ಗೂಡಿನಲ್ಲಿ ಅಲುಗದೆ ಕಾವು ಕೂತಿತ್ತು. ಈ ದ್ವೀಪದಲ್ಲಿ ಏಕಾಂತವಾಸಿಯಾಗಿದ್ದು, 687ರಲ್ಲಿ ಇಲ್ಲಿಯೇ ದೈವಾಧೀನರಾದ ಸಂತ ಕತ್ಬರ್ಟರು ಈ ಬಾತುಗಳಿಗೆ ಅಭಯವಿತ್ತರೆಂದು ಪ್ರತೀತಿ. ಆ ನಾಡಿನವರು ಇಂದಿಗೂ ಇವನ್ನು ಕತ್ಬರ್ಟರ ಬಾತುಗಳೆನ್ನುತ್ತಾರೆ.

ಅಪರಿಚಿತರ ಹೆಜ್ಜೆ ಸಪ್ಪಳಕ್ಕೆ ಆ ತಾಯಿ ಬೆದರಲಿಲ್ಲ. ಅಪರಿಚಿತರು ಬಂದಾರೆಂದು ನಮ್ಮ ಮನೆಯ ಗೇಟಿಗೆ ಹಗಲಲ್ಲೂ ಬೀಗ ಹಾಕುವ ನನಗೆ ಅದರ ಮುಂದೆ ನಿಲ್ಲಲು ನಾಚಿಕೆಯಾಯಿತು.

ಊರಿಗೆ ಮರಳಿದ ಮರುದಿನ ಪತ್ನಿ ವರ್ಷಗಳಿಂದ ಮುಚ್ಚಿದ್ದ ಹಿಂಬದಿಯ ಕೋಣೆಯನ್ನು ಗುಡಿಸುತ್ತಿದ್ದಳು.

"ಅವರನ್ನು ಯಾವಾಗ ಕರೆಯೋಣ?" ಎಂದು ಕೇಳಿದಳು.