ಮುಂಬಯಿಯಲ್ಲಿ ನಮ್ಮ ತಪಸ್ಸು ಕಾಲ

ಕನ್ನಡನಾಡಿನ ಕ್ರೈಸ್ತರೆಂದರೆ ಮುಂಬಯಿಯಲ್ಲಿ ಎಲ್ಲರ ಕಣ್ಣಿಗೂ ಮೊದಲು ಬೀಳುವವರು ಕೊಂಕಣಿ ಮಾತಿನ ಮಂಗಳೂರಿನವರು. ಮೈಸೂರು ಸೀಮೆಯ ಹಳ್ಳಿಗಳಿಂದ ಬಂದು, ಮನೆಮಾತಿಗೂ ಜಪಕ್ಕೂ ಕನ್ನಡವನ್ನೇ ನೆಚ್ಚಿಕೊಂಡಿರುವ ನಮ್ಮಂಥ ಕಥೋಲಿಕರು ಇಲ್ಲಿ ಬೆರಳೆಣಿಕೆಯ ಮನೆಗಳವರು. "ನೀವು ಕನ್ನಡದವರೇ?" ಎಂದು ಅಚ್ಚರಿಪಡುವ ಕನ್ನಡಿಗರು ಈಗಲೂ ಸಿಗುತ್ತಾರೆ.

ಪಾಸ್ಕ ಹಬ್ಬಕ್ಕೆ ಮುಂಚಿನ ವ್ರತದ ದಿನಗಳನ್ನು ಇಂಗ್ಲಿಷಿನವರು ಲೆಂಟ್ ಎನ್ನುತ್ತಾರೆ. ನಮಗೆ ಅದು ತಪಸ್ಸು ಕಾಲ. ಏಸುಸ್ವಾಮಿ ಬೆಂಗಾಡಿನಲ್ಲಿ ನಲವತ್ತು ದಿನ ಉಪವಾಸವಿದ್ದುದರ ನೆನಪು. ಭಾನುವಾರಗಳನ್ನು ಎಣಿಕೆಗೆ ಹಿಡಿಯದ ಕಾರಣ ಕ್ಯಾಲೆಂಡರಿನಲ್ಲಿ 46 ದಿನಗಳಾಗುತ್ತವೆ. ಮೊದಲ ದಿನ ಬೂದಿ ಬುಧವಾರ. ಹಿಂದಿನ ವರ್ಷ ಗರಿಗಳ ಭಾನುವಾರದಂದು ಮಂತ್ರಿಸಿಕೊಟ್ಟ ಗರಿಗಳನ್ನು ಸುಟ್ಟು, ಆ ಬೂದಿಯನ್ನು ಗುರುಗಳು ಹಣೆಗೆ ಇಡುತ್ತಾರೆ. ಊರಿನಲ್ಲಾದರೆ ಹಿರಿಯರು ವಿಭೂತಿ ಎಂದೇ ಬಿಡುತ್ತಿದ್ದರು, ಯಾರಿಗೂ ವಿವರಿಸಬೇಕಾಗಿರಲಿಲ್ಲ. ಇಲ್ಲಿ ಲೋಕಲ್ ಗಾಡಿಯಲ್ಲಿ ಪಕ್ಕದವರು ಹಣೆಗೆ ಮಸಿ ಅಂಟಿದೆಯೆಂದು ಕರವಸ್ತ್ರ ನೀಡುತ್ತಾರೆ!

ನಮ್ಮ ಹಿರಿಯರು ಆ ಕಾಲದುದ್ದಕ್ಕೂ ಮಾಂಸ ಮುಟ್ಟುತ್ತಿರಲಿಲ್ಲ. 1966ರಲ್ಲಿ ಆರನೆಯ ಪೌಲ್ ಪೋಪರು ನಿಯಮಗಳನ್ನು ಸಡಿಲಿಸಿದ ಮೇಲೆ ಕಡ್ಡಾಯ ಉಪವಾಸ ಬೂದಿ ಬುಧವಾರ ಮತ್ತು ಶುಭ ಶುಕ್ರವಾರ, ಎರಡೇ ದಿನ. ಉಳಿದ ದಿನಗಳ ಉಪವಾಸ ಅವರವರ ಮನಸ್ಸಿಗೆ ಬಿಟ್ಟದ್ದು. ನಮ್ಮಲ್ಲಿ ಕೆಲವರು ಕಾಫಿ ಬಿಡುತ್ತಾರೆ. ಮೈಸೂರಿನವರಿಗೆ ಮಾಂಸ ಬಿಡುವುದಕ್ಕಿಂತ ಅದೇ ಕಠಿಣ.

ಶುಕ್ರವಾರಗಳ ಶಿಲುಬೆ ಹಾದಿಯದೇ ಚಿಂತೆ. ಸ್ವಾಮಿಗೆ ಮರಣದಂಡನೆ ವಿಧಿಸಿದ್ದು ಮೊದಲ್ಗೊಂಡು ಸಮಾಧಿಯವರೆಗೆ 14 ಸ್ಥಳಗಳು; ಒಂದೊಂದರ ಮುಂದೆಯೂ ನಿಂತು ಪ್ರಾರ್ಥನೆ. ನಮ್ಮ ಚರ್ಚಿನಲ್ಲಿ ಅದು ಇಂಗ್ಲಿಷಿನಲ್ಲಿ, ಕೊಂಕಣಿಯಲ್ಲಿ ನಡೆಯುತ್ತದೆ. ಆದ್ದರಿಂದ ನಾಲ್ಕೈದು ಮನೆಗಳವರು ಸಂಜೆ ಒಂದೆಡೆ ಸೇರಿ ಕನ್ನಡದಲ್ಲಿ ನಡೆಸಿಕೊಂಡು ಬಂದಿದ್ದೇವೆ. ಕನ್ನಡ ಪ್ರಾರ್ಥನೆಗಳು ಬಾಯಿಪಾಠವಿದ್ದ ಹಿರಿಯರು ಮೂವರಿದ್ದರು; ಹೋದ ಪಾಸ್ಕದ ಹೊತ್ತಿಗೆ ಒಬ್ಬರೇ ಉಳಿದರು.

ಈ ಸಲ ಮಕ್ಕಳಿಂದ ಓದಿಸೋಣವೆಂದರೆ ಅವರಿಗೆ ಕನ್ನಡ ಅಕ್ಷರ ಬಾರದು. ಶಾಲೆಯಲ್ಲಿ ಕಲಿತ ಮರಾಠಿ ಲಿಪಿಯಲ್ಲಿ ಬರೆದುಕೊಟ್ಟೆವು. ಅದರಲ್ಲಿ ನಮ್ಮ ಹ್ರಸ್ವ 'ಎ', 'ಒ'ಗಳಿಗೆ ಗುರುತಿಲ್ಲ. ಎರಡನೆಯ ಸ್ಥಳದಲ್ಲಿ ಶಿಲುಬೆಯನ್ನು 'ಹೊರ'ಬೇಕಾದ ಸ್ವಾಮಿ, ಹುಡುಗಿಯೊಬ್ಬಳ ಬಾಯಲ್ಲಿ ಶಿಲುಬೆಯೊಡನೆ 'ಹೋರಿ'ದರು. ಮಕ್ಕಳ ತಂದೆತಾಯಿಗಳು ನಗು ತಡೆದುಕೊಂಡೆವು. ಅಜ್ಜಿ ಮಾತ್ರ ಕಣ್ಣು ತೆರೆಯದೆ, "ಅದೂ ಸರಿಯೇ, ಮುಂದೆ ಓದು ಮಗಳೇ" ಎಂದರು.

ಆ ಹುಡುಗಿ ಈಗ ಹ್ರಸ್ವಗಳ ಮೇಲೆ ಪೆನ್ಸಿಲಿನಿಂದ ಚುಕ್ಕೆಯಿಟ್ಟುಕೊಂಡಿದ್ದಾಳೆ. ಹದಿನಾಲ್ಕರಲ್ಲಿ ಐದು ಸ್ಥಳಗಳು ಮಕ್ಕಳ ಪಾಲಿಗೆ ಬಂದಿವೆ. ಉಳಿದ ಒಂಬತ್ತನ್ನು ಅಜ್ಜಿ ಇನ್ನೂ ಬಿಟ್ಟುಕೊಟ್ಟಿಲ್ಲ.