ನಂದಿ ತಪ್ಪಲಿನ ರೆಡ್ ವೈನ್: ಹೃದಯಕ್ಕೆ ನಿಜಕ್ಕೂ ಒಳ್ಳೇದಾ?

ನಂದಿ ಬೆಟ್ಟ ಅಂದ್ರೆ ನಮಗೆಲ್ಲ ಬೆಳಗಿನ ಜಾವದ ಬೈಕ್ ರೈಡ್, ಮಂಜು, ಸೂರ್ಯೋದಯದ ಸೆಲ್ಫಿ. ಆದರೆ ಬೆಟ್ಟ ಹತ್ತದೆ, ದೇವನಹಳ್ಳಿಯಿಂದ ದೊಡ್ಡಬಳ್ಳಾಪುರದ ರಸ್ತೆ ಹಿಡಿದು ನೋಡಿ. ತಪ್ಪಲಿನುದ್ದಕ್ಕೂ ಸಾಲುಸಾಲು ದ್ರಾಕ್ಷಿ ತೋಟ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರ, ಹಗಲು ಬಿಸಿಲು, ರಾತ್ರಿ ತಂಪು. ಗ್ರೋವರ್ ಕಂಪನಿ 1980ರ ದಶಕದಲ್ಲಿ ಫ್ರೆಂಚ್ ತಳಿಗಳನ್ನು ಬೆಳೆಸಲು ಆರಿಸಿಕೊಂಡಿದ್ದು ಇದೇ ಜಾಗವನ್ನು. ಅದಕ್ಕೂ ಎಷ್ಟೋ ಮೊದಲಿನಿಂದ ಇಲ್ಲಿನ ರೈತರು ಬೆಳೆಯುತ್ತಾ ಬಂದಿರುವುದು ಬೆಂಗಳೂರು ಬ್ಲೂ. ದಪ್ಪ ಸಿಪ್ಪೆ, ಒಳಗೆ ಬೀಜ, ಘಮ್ಮೆನ್ನುವ ಕಪ್ಪು ದ್ರಾಕ್ಷಿ.

ಫೆಬ್ರವರಿಯ ಒಂದು ಶನಿವಾರ ಆಫೀಸಿನ ಐದು ಜನ ಅಲ್ಲಿನ ಒಂದು ವೈನರಿಗೆ ಹೋಗಿದ್ವಿ. ಕೊಯ್ಲಿನ ಕಾಲ. ಅಲ್ಲಿ ತಿಳಿದ ಒಂದು ವಿಷಯ ನನಗೆ ಹೊಸದು: ವೈನಿಗೆ ಬಳಸುವ ಹೆಚ್ಚಿನ ಕಪ್ಪು ದ್ರಾಕ್ಷಿಗಳ ರಸಕ್ಕೆ ಬಣ್ಣವೇ ಇರಲ್ಲ. ಕೆಂಪು ಬರೋದು ಸಿಪ್ಪೆಯಿಂದ. ವೈಟ್ ವೈನಿಗೆ ಮೊದಲೇ ಸಿಪ್ಪೆ ಬೇರೆ ಮಾಡ್ತಾರೆ. ರೆಡ್ ವೈನಿಗೆ ಸಿಪ್ಪೆ, ಬೀಜದ ಸಮೇತ ಟ್ಯಾಂಕಿನಲ್ಲಿ ಹಲವು ದಿನ ಹುದುಗಲು ಬಿಡ್ತಾರೆ. ಆಗ ಬಣ್ಣದ ಜೊತೆ ಟ್ಯಾನಿನ್, ರೆಸ್ವೆರಟ್ರಾಲ್‌ನಂಥ ಪಾಲಿಫಿನಾಲ್‌ಗಳೂ ರಸಕ್ಕೆ ಇಳಿಯುತ್ತವೆ. ಇತ್ತ ಯೀಸ್ಟ್ ಸಕ್ಕರೆಯನ್ನೆಲ್ಲ ಆಲ್ಕೋಹಾಲ್ ಮಾಡುತ್ತೆ, ಸಾಮಾನ್ಯವಾಗಿ ಶೇ. 12ರಿಂದ 14ರಷ್ಟು.

ರುಚಿ ನೋಡುವ ಟೇಬಲ್ಲಿನಲ್ಲಿ ಗೆಳೆಯನೊಬ್ಬ ಅಂದ, "ಗುರು, ನಿಮ್ಮಪ್ಪಂಗೊಂದು ಬಾಟ್ಲಿ ತಗೊಂಡ್ ಹೋಗು. ಹಾರ್ಟ್‌ಗೆ ಒಳ್ಳೇದು."

ನಾನು ನಗಲಿಲ್ಲ. ಅಪ್ಪನಿಗೆ ಸ್ಟೆಂಟ್ ಹಾಕಿ ಆಗ ಎಂಟು ತಿಂಗಳು. ಜೀವಮಾನದಲ್ಲಿ ಬಿಯರ್ ಕೂಡ ಮುಟ್ಟದ ಅವರೇ ವಾಟ್ಸಾಪ್ ಫಾರ್ವರ್ಡ್ ನೋಡಿ, "ದಿನಾ ಒಂದು ಗ್ಲಾಸ್ ರೆಡ್ ವೈನ್ ಕುಡಿದ್ರೆ ಬ್ಲಾಕೇಜ್ ಆಗಲ್ವಂತೆ, ಹೌದೇನೋ?" ಅಂತ ಕೇಳಿದ್ದರು. ಗೊತ್ತಿಲ್ಲದೆ ಹೂಂ ಅನ್ನೋ ವಿಷಯ ಅಲ್ಲ. ಹಾಗಾಗಿ ಕೂತು ಓದಿದ್ದೆ.

ಈ ನಂಬಿಕೆ ಜಗತ್ತಿಗೆಲ್ಲ ಹರಡಿದ್ದು ಫ್ರಾನ್ಸ್ ಹೆಸರಲ್ಲಿ. ಬೆಣ್ಣೆ, ಚೀಸ್ ಅಷ್ಟು ತಿಂದರೂ ಫ್ರೆಂಚರಿಗೆ ಹೃದ್ರೋಗ ಕಡಿಮೆ, ಕಾರಣ ವೈನ್ ಇರಬಹುದು ಅಂತ 1991ರಲ್ಲಿ ಅಮೆರಿಕದ '60 ಮಿನಿಟ್ಸ್' ಟಿವಿ ಕಾರ್ಯಕ್ರಮ ತೋರಿಸಿತು. ಅಲ್ಲಿ ರೆಡ್ ವೈನ್ ಮಾರಾಟ ಜಿಗಿಯಿತು. ಮರುವರ್ಷ ಸರ್ಜ್ ರೆನೊ ಎಂಬ ಫ್ರೆಂಚ್ ವಿಜ್ಞಾನಿ 'ಲ್ಯಾನ್ಸೆಟ್' ಪತ್ರಿಕೆಯಲ್ಲೂ ಇದನ್ನೇ ವಾದಿಸಿದರು.

ಮುಂದೆ ಲೆಕ್ಕ ಸಡಿಲವಾಯಿತು. ಮಿತವಾಗಿ ವೈನ್ ಕುಡಿಯುವವರಲ್ಲಿ ಬಹಳ ಮಂದಿ ಅನುಕೂಲಸ್ಥರು, ಊಟ-ವ್ಯಾಯಾಮದ ಬಗ್ಗೆ ಕಾಳಜಿ ಇದ್ದವರು. 'ಕುಡಿಯದವರು' ಎಂಬ ಗುಂಪಿನಲ್ಲಿ ಕಾಯಿಲೆ ಬಂದು ಕುಡಿತ ಬಿಟ್ಟವರೂ ಸೇರಿದ್ದರು. ಹೋಲಿಕೆಯೇ ಸರಿಯಿಲ್ಲದಿದ್ದರೆ ಉತ್ತರ ಎಲ್ಲಿಂದ ಸರಿ ಬಂದೀತು? ಇನ್ನು ರೆಸ್ವೆರಟ್ರಾಲ್: ಒಂದು ಲೀಟರ್ ವೈನಿನಲ್ಲಿ ಇರೋದು ಕೆಲವೇ ಮಿಲಿಗ್ರಾಂ. ಪ್ರಯೋಗಗಳಲ್ಲಿ ಕೊಡುವುದು ನೂರಾರು ಮಿಲಿಗ್ರಾಂ. ಅಷ್ಟು ಸಿಗಬೇಕಾದರೆ ಡಜನ್‌ಗಟ್ಟಲೆ ಬಾಟಲಿ ಖಾಲಿ ಮಾಡಬೇಕು!

ಆಲ್ಕೋಹಾಲ್ ಮಾತ್ರ ಮೊದಲ ಗ್ಲಾಸಿನಿಂದಲೇ ಪೂರ್ತಿ ಸಿಗುತ್ತೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1988ರಲ್ಲೇ ಮದ್ಯವನ್ನು ಕ್ಯಾನ್ಸರ್‌ಕಾರಕ ಅಂತ ಗುರುತಿಸಿದೆ. 2023ರಲ್ಲಿ ಆ ಸಂಸ್ಥೆ ಇನ್ನೂ ಸ್ಪಷ್ಟವಾಗಿ ಹೇಳಿತು: ಮದ್ಯದಲ್ಲಿ ಸುರಕ್ಷಿತ ಪ್ರಮಾಣ ಅನ್ನೋದೇ ಇಲ್ಲ. ಕುಡಿಯದವರು ಆರೋಗ್ಯಕ್ಕೆಂದು ಶುರು ಮಾಡಬಾರದು ಅಂತ ಅಮೆರಿಕದ ಹೃದಯ ಸಂಘವೂ ಹೇಳುತ್ತೆ.

ಬಾಟಲಿ ತಗೊಳ್ಳಲಿಲ್ಲ. ಅಲ್ಲಿಂದಲೇ ಅಪ್ಪನಿಗೆ ಫೋನ್ ಮಾಡಿ ಇಷ್ಟನ್ನೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ಆ ದ್ರಾಕ್ಷಿನೇ ಒಂದು ಕೆ.ಜಿ. ತಾರೋ" ಅಂದರು. ರಸ್ತೆ ಬದಿಯಲ್ಲಿ ಬೆಂಗಳೂರು ಬ್ಲೂ ಸಿಕ್ಕಿತು.

ನೀವೂ ಹೋಗಿ ಬನ್ನಿ, ಜಾಗ ಚೆನ್ನಾಗಿದೆ. ಜನವರಿಯಿಂದ ಮಾರ್ಚ್ ಒಳ್ಳೆ ಸಮಯ, ಬಳ್ಳಿಯಲ್ಲಿ ಗೊಂಚಲು ಇರುತ್ತೆ. ವೈನರಿ ಪ್ರವಾಸಕ್ಕೆ ಮೊದಲೇ ಬುಕ್ ಮಾಡಿ, ರುಚಿ ನೋಡೋದಾದರೆ ಕುಡಿಯದ ಒಬ್ಬರು ಗಾಡಿ ಓಡಿಸಲಿ. ವೈನ್ ಇಷ್ಟವಿದ್ದರೆ ರುಚಿಗೆ ಅಂತ ಒಂದು ಗುಟುಕು ಕುಡಿಯೋದು ನಿಮ್ಮ ಆಯ್ಕೆ. ಔಷಧಿ ಅಂತ ಮಾತ್ರ ಮನೆಯ ಹಿರಿಯರಿಗೆ ಬಾಟಲಿ ಒಯ್ಯಬೇಡಿ.