ಕಾಲು ಉಳಿಯಿತು, ಕೂಗು ಹೋಯಿತು

ಸೇಡಂ ಸಂತೆಯಲ್ಲಿ ಕೋಳಿ ಕೊಳ್ಳುವಾಗ ಮುತ್ಯಾ ಮೊದಲು ಕಾಲು ನೋಡುತ್ತಿದ್ದ. ಹಳದಿ ಇದ್ದರಷ್ಟೇ ಚೌಕಾಶಿ. ಯಾಕೆಂದು ಕೇಳಿದರೆ, "ಅದು ನಮ್ಮ ಕಡೀದು" ಅನ್ನುತ್ತಿದ್ದ. ಆ ಮಾತಿಗೆ ಎಷ್ಟು ಆಳವಾದ ಬೇರಿದೆ ಎಂಬುದು ಅವನಿಗೂ ಗೊತ್ತಿರಲಿಕ್ಕಿಲ್ಲ.

ಮನೆಕೋಳಿಯ ಮುಖ್ಯ ಮೂಲ ಕೆಂಪು ಕಾಡುಕೋಳಿ. ಹಿಮಾಲಯದ ತಪ್ಪಲಿನಿಂದ ಆಗ್ನೇಯ ಏಷ್ಯಾದವರೆಗೆ ಅದರ ವಾಸ. ದಕ್ಷಿಣಕ್ಕೆ ಬರುತ್ತಾ ಗೋದಾವರಿಯ ಆಸುಪಾಸಿನಲ್ಲಿ ನಿಂತುಬಿಡುತ್ತದೆ. ಅದರ ಕೂಗು ನಮ್ಮ ಹುಂಜದ್ದೇ, ಕೊನೆಯ ಎಳೆತವೊಂದಿಲ್ಲ. ಯಾರೋ ಬಾಯಿ ಮುಚ್ಚಿದಂತೆ ತಟ್ಟನೆ ನಿಲ್ಲುತ್ತದೆ. ದಕ್ಷಿಣದ ಕಾಡಿನದು ಬೇರೆಯೇ ಹಕ್ಕಿ, ಬೂದು ಕಾಡುಕೋಳಿ. ಪಶ್ಚಿಮಘಟ್ಟದ ನಸುಕಿನಲ್ಲಿ ಕೇಳುವ ಅದರ ತುಂಡು ತುಂಡಾದ ಒರಟು ಕೂಗಿಗೂ ಮನೆಯ ಹುಂಜದ ಕೂಗಿಗೂ ಹೋಲಿಕೆಯೇ ಇಲ್ಲ. ಕೆಂಪು ಕೋಳಿಯೊಂದೇ ಮೂಲ ಎಂದು ಡಾರ್ವಿನ್ ಕೂಡ ನಂಬಿದ್ದ.

2008ರಲ್ಲಿ ವಿಜ್ಞಾನಿಗಳು ಹಳದಿ ಚರ್ಮದ ಗುಟ್ಟು ಬಿಡಿಸಿದರು. ಮೇವಿನಲ್ಲಿ ಬರುವ ಹಳದಿ ಬಣ್ಣವನ್ನು ಒಡೆದುಹಾಕುವ ಜೀನ್ ಒಂದಿದೆ. ಹಳದಿ ಕಾಲಿನ ಕೋಳಿಯ ಚರ್ಮದಲ್ಲಿ ಅದು ಸುಮ್ಮನಿರುತ್ತದೆ, ಬಣ್ಣ ಅಲ್ಲೇ ಉಳಿಯುತ್ತದೆ. ಈ ಗುಣ ಬಂದದ್ದು ಬಹುಪಾಲು ಬೂದು ಕಾಡುಕೋಳಿಯಿಂದ. ಕೆಂಪು ಕೋಳಿ ಕೂಗು ಕೊಟ್ಟಿತು; ನಮ್ಮ ದಕ್ಷಿಣದ ಕೋಳಿ ಕಾಲಿಗೆ ಬಣ್ಣ ಕೊಟ್ಟಿತು.

ಪೇಟೆ ಬಣ್ಣವನ್ನು ಇಟ್ಟುಕೊಂಡು ಕೂಗನ್ನು ಬಿಟ್ಟಿತು. ವಾಡಿಯಲ್ಲಾಗಲಿ ಶಹಾಬಾದಿನಲ್ಲಾಗಲಿ ಚಿಕನ್ ಅಂಗಡಿಯ ಪಂಜರದ ಮುಂದೆ ನಿಂತು ನೋಡಿ: ಕಾಲು ಹಳದಿ, ಗಂಟಲು ಮೂಕ. ಹುಂಜಕ್ಕೆ ಕೂಗು ಬಲಿಯಲು ಮೂರ್ನಾಲ್ಕು ತಿಂಗಳು ಬೇಕು. ಬ್ರಾಯ್ಲರ್ ಕೋಳಿಯ ಆಯುಷ್ಯ ಆರೇಳು ವಾರ. ದನಿ ಒಡೆಯುವ ಮೊದಲೇ ಅದು ತಕ್ಕಡಿಗೆ ಬಂದಿರುತ್ತದೆ.

ಇದು ನನ್ನನ್ನು ಕಾಡುವುದು ಅವ್ವನ ಸಲುವಾಗಿ. ಕಣ್ಣು ಪೂರಾ ಮಂಜಾದ ಮೇಲೆ ಅವಳಿಗೆ ಬೆಳಗಾಗುವುದು ಕಿವಿಯಿಂದ. ರೈಲು, ಲಾರಿ, ಫ್ಯಾಕ್ಟರಿಯ ಸದ್ದು ವಾಡಿಯಲ್ಲಿ ರಾತ್ರಿಯಿಡೀ ಇರುತ್ತದೆ. ಅದರಿಂದ ಹೊತ್ತು ತಿಳಿಯದು. ಪಕ್ಕದ ಮನೆಯ ಹುಂಜ ಕೂಗಿದರೆ ಎದ್ದು ಕೂರುತ್ತಾಳೆ. ಹುಂಜವೂ ಬೆಳಕು ನೋಡಿಯೇ ಕೂಗಬೇಕೆಂದಿಲ್ಲ. ಜಪಾನಿನ ನಗೋಯಾ ವಿಶ್ವವಿದ್ಯಾಲಯದವರು ಹುಂಜಗಳನ್ನು ಹಗಲಿರುಳು ಒಂದೇ ಸಮನಾದ ಮಂದ ಬೆಳಕಿನಲ್ಲಿಟ್ಟರು. ಆದರೂ ಅವು ನಸುಕಿನ ಹೊತ್ತಿಗೇ ಕೂಗಿದವು. 2013ರಲ್ಲಿ ಪ್ರಕಟವಾದ ಈ ಸಂಗತಿಯನ್ನು ಹೇಳಿದಾಗ ಅವ್ವ ನಕ್ಕಳು: "ಅದಕ್ಕೂ ನನ್ನಂಗೇ ಒಳಗ ಗೊತ್ತಾಗ್ತದ ನೋಡು."

ಮೊನ್ನೆ ಪಕ್ಕದ ಮನೆಯವರು ಹುಂಜ ಮಾರುವ ಮಾತಾಡಿದರು. ಅವ್ವ ಗೋಡೆ ಹಿಡಿದು ಅಂಗಳಕ್ಕೆ ಬಂದು, "ಇರ್ಲಿ ಬಿಡ್ರೆವ್ವಾ, ಕಾಳು ನಾ ಹಾಕ್ತೀನಿ" ಅಂದಳು. ಈಗ ದಿನಾ ಒಂದು ಹಿಡಿ ಜೋಳ ಪರ್ಸಿಕಲ್ಲಿನ ಕಟ್ಟೆಯ ಮೇಲೆ ಬೀಳುತ್ತದೆ.